ಮೂರು ಅಂಗಿ, ಆರು ಪ್ಯಾಡು

ಸೊಸೆ ಕೆಲಸಕ್ಕೆ ಸೇರಿದ ಮೂರನೇ ವಾರ ಬೆವರಿನ ಮಾತು ಮನೆಯೊಳಕ್ಕೆ ಬಂತು. ಸಂಜೆ ಬಂದವಳೇ ಯಾರನ್ನೂ ಮಾತಾಡಿಸದೆ ಬಚ್ಚಲಿಗೆ ಹೋಗಿ ಅಂಗಿ ನೆನೆಹಾಕಿ, ಸೋಪಿನ ಪುಡಿಯ ಡಬ್ಬವನ್ನೇ ಬೋರಲು ಹಾಕಿದಳು.

"ಒಂದಂಗಿ ಒಗೀತಿದ್ದೀಯೋ, ಇಡೀ ಬೀದಿ ಬಟ್ಟೆ ಒಗೀತಿದ್ದೀಯೋ?" ಅತ್ತೆ ಹೊಲಿಗೆ ಮಿಷನ್ನಿನ ಮುಂದಿನಿಂದಲೇ ಕೇಳಿದಳು.

"ಕಲೆ ಹೋಗ್ಬೇಕಲ್ಲ ಅತ್ತೆ."

"ಎಂಥಾ ಕಲೆ?"

ಸೊಸೆ ಒದ್ದೆ ಅಂಗಿಯನ್ನೇ ಎತ್ತಿಕೊಂಡು ಬಂದು ಕಂಕುಳ ಭಾಗ ಅಗಲಿಸಿ ತೋರಿಸಿದಳು. ತಿಳಿ ನೀಲಿ ಬಟ್ಟೆಯ ಮೇಲೆ ಎರಡೂ ಕಡೆ ಅಂಗೈಯಗಲದ ಗುರುತು. "ಮ್ಯಾನೇಜರ್ ಒಳಗೆ ಕರೆದು ಹೇಳಿದ್ರು. ಗಿರಾಕಿ ಮುಖದ ಮುಂದೆ ಕೈ ಎತ್ತೋ ಕೆಲಸ ನಿಮ್ದು, ಇದಕ್ಕೇನಾದ್ರೂ ಮಾಡ್ಕೊಳ್ಳಿ, ಖಾಯಂ ಮಾಡೋವಾಗ ಇದನ್ನೂ ನೋಡ್ತಾರೆ ಅಂತ."

ಅವಳ ಕೆಲಸ ಒಂದು ದೊಡ್ಡ ಕನ್ನಡಕದ ಅಂಗಡಿಯಲ್ಲಿ. ಬಂದವರ ಮೂಗಿನ ಮೇಲೆ ಕನ್ನಡಕ ಕೂರಿಸಿ, ಕಿವಿಯ ಹಿಂದೆ ಕಡ್ಡಿ ಸರಿಮಾಡಿ, ಕನ್ನಡಿ ಹಿಡಿಯಬೇಕು. ದಿನಕ್ಕೆ ನೂರು ಸಲ ಎರಡೂ ಕೈ ಮೇಲೆ. ಮಗಳು ಹುಟ್ಟಿದ ಮೇಲೆ ಎಂಟು ವರ್ಷ ಮನೆಯಲ್ಲೇ ಇದ್ದವಳು ಈಗ ಮೂರು ತಿಂಗಳ ಪರೀಕ್ಷೆಯ ಮೇಲೆ ಸೇರಿದ್ದಳು. ಅಂಗಡಿಯವರು ಮೂರು ಅಂಗಿ ಕೊಟ್ಟಿದ್ದರು. ಎಂಟು ವರ್ಷದಲ್ಲಿ ಅಮ್ಮ, ಲೇ, ಇವಳೇ ಎಂದು ಕರೆಸಿಕೊಂಡವಳನ್ನು ಅಲ್ಲಿ ಮೇಡಂ ಅನ್ನುತ್ತಿದ್ದರು. ಅದನ್ನು ಅವಳು ಗಂಡನಿಗೆ ಎರಡು ಸಲ ಹೇಳಿದ್ದಳು.

ಅತ್ತೆಗೂ ಆ ಕೆಲಸ ಖಾಯಂ ಆಗಬೇಕಿತ್ತು. ಬೀದಿಗೆಲ್ಲ ಟೈಲರಮ್ಮ ಎಂದೇ ಹೆಸರಾದ ಅವಳಿಗೆ ಈಚೆಗೆ ಸೂಜಿಯ ಕಣ್ಣು ಕಾಣುತ್ತಿರಲಿಲ್ಲ. ದಿನಾ ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಸೊಸೆ ಏಳು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಹೋಗಬೇಕು. ಅವು ಮುಗಿದರೆ ಟೈಲರಮ್ಮನ ಕೈಹೊಲಿಗೆಯೂ ಮುಗಿದಂತೆ. "ನನ್ನ ಮಿಷನ್ ನಿಲ್ಲೋದ್ರೊಳಗೆ ನೀನು ಅಲ್ಲಿ ಕಾಲೂರ್ಕೋ" ಎಂದು ಸೇರಿದ ದಿನವೇ ಹೇಳಿದ್ದಳು.

ಊಟಕ್ಕೆ ಕೂತಾಗ ಮಗ ಬಾಯಿ ಹಾಕಿದ. ಅವನು ಲಿಫ್ಟ್ ರಿಪೇರಿಯವನು. ಯಾವ ತೊಂದರೆಗೂ ಒಂದು ಗುಂಡಿ ಒತ್ತಿದರೆ ಸಾಕು ಎಂದು ನಂಬಿದವನು. "ಒಂದು ಸೆಂಟ್ ಬಾಟ್ಲಿ ತಂದ್ರೆ ಆಯ್ತಪ್ಪ."

"ಸೆಂಟು ವಾಸನೆಗೆ ಕಣೋ, ಕಲೆಗಲ್ಲ" ಅಂದಳು ಟೈಲರಮ್ಮ. "ಹೊಸ ಜಾಗ, ಹೊಸ ಜನ. ಹೆದರಿಕೆ ಬೆವರು. ಬೆವರು ಹೀರೋಕೆ ಕಂಕುಳಿಗೆ ಪ್ಯಾಡ್ ಹೊಲಿದುಕೊಡ್ತೀನಿ, ಹಾಕ್ಕೊಂಡು ಹೋಗ್ಲಿ."

"ಹೆದರಿಕೆ ಏನಿಲ್ಲ ಅತ್ತೆ, ಸುಮ್ನೆ ಬರುತ್ತೆ."

"ಸುಮ್ನೆ ಯಾಕೆ ಬರುತ್ತೆ?"

ಸೊಸೆ ಪಾತ್ರೆಯ ತಳ ಕೆರೆದು ಉಳಿದ ಅನ್ನವನ್ನೆಲ್ಲ ತಟ್ಟೆಗೆ ಹಾಕಿಕೊಂಡಳು. ಬಡಿಸಿಕೊಂಡದ್ದು ಅದು ಮೂರನೇ ಸಲ. ಟೈಲರಮ್ಮ ಅದನ್ನು ನೋಡಿದಳು.

ಮಾರನೆಯ ದಿನ ಪ್ಯಾಡಿನ ಕಾರ್ಖಾನೆ ಶುರುವಾಯಿತು. ಮೊದಲು ಕಾಗದದ ಮೇಲೆ ಆಕಾರ ಬರೆದು ಕತ್ತರಿಸಬೇಕಲ್ಲ, ಅದಕ್ಕೆ ಟೈಲರಮ್ಮ ಅಂದಿನ ಪತ್ರಿಕೆಯನ್ನೇ ತೆಗೆದುಕೊಂಡಳು. ಅವಳ ಗಂಡ ಮೂವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದ ಮುದುಕ. ಈಗಲೂ ಕೆಂಪು ಪೆನ್ನು ಹಿಡಿದು ಪತ್ರಿಕೆಯ ತಪ್ಪು ತಿದ್ದದೆ ಇದ್ದರೆ ಅವನಿಗೆ ತಿಂಡಿ ಇಳಿಯದು.

"ಮೂರನೇ ಪುಟ ಎಲ್ಲೇ?"

"ನಿಮ್ಮ ಸೊಸೆ ಕಂಕುಳಲ್ಲಿ."

"ಅದರಲ್ಲಿ ಎರಡು ತಪ್ಪಿತ್ತು, ತಿದ್ದಿರಲಿಲ್ಲ."

"ಇರ್ಲಿ ಬಿಡಿ, ಅಲ್ಲಿ ಯಾರೂ ಓದಲ್ಲ."

ಅರ್ಧಚಂದ್ರದ ಎರಡು ತುಂಡು, ಬಾಗಿದ ಕಡೆ ಸೇರಿಸಿ ಹೊಲಿಗೆ. ಮಡಿಸಿದರೆ ಒಂದು ಅರ್ಧ ತೋಳಿನೊಳಗೆ, ಇನ್ನೊಂದು ಪಕ್ಕದೊಳಗೆ ಕೂರುತ್ತದೆ. ನೋಡಲು ಎರಡು ನಿಮಿಷದ ಕೆಲಸ. ಆದರೆ ಮೊದಲ ಜೋಡಿ ಹಳೆಯ ಬನಿಯನ್ನಿನದು, ಹನ್ನೊಂದು ಗಂಟೆಗೇ ತೊಯ್ದು ಹೋಯಿತು. ಎರಡನೆಯದು ಟವೆಲ್ಲಿನದು, ಬೆವರು ಹೀರಿತು, ಆದರೆ ಸೊಸೆಯ ಕೈಗಳು ಕುಸ್ತಿಪಟುವಿನ ಹಾಗೆ ಪಕ್ಕಕ್ಕೆ ನಿಂತವು. ಮೂರನೆಯದಕ್ಕೆ ಟೈಲರಮ್ಮ ಮುರಿದ ಕೊಡೆಯ ಬಟ್ಟೆಯನ್ನು ಅಡಿಗೆ ಕೊಟ್ಟಳು. ನೀರು ಆಚೆ ಬರಲಿಲ್ಲ ನಿಜ, ಆದರೆ ಕೈ ಎತ್ತಿದಾಗೆಲ್ಲ ಚರಚರ ಸದ್ದು.

"ಗಿರಾಕಿ ತಿರುಗಿ ನೋಡ್ತಾರೆ ಅತ್ತೆ, ಇಲಿ ಇದೆಯೇನೋ ಅಂತ" ಎಂದು ಸೊಸೆ ಹೇಳಿದಾಗ ಮನೆಯೆಲ್ಲ ನಕ್ಕಿತು. ಆ ಮನೆ ಒಟ್ಟಾಗಿ ನಕ್ಕದ್ದು ಆ ಮೂರು ತಿಂಗಳಲ್ಲಿ ಅದೊಂದೇ ಸಲ.

ನಾಲ್ಕನೆಯ ಸಲ ಟೈಲರಮ್ಮ ಟ್ರಂಕು ತೆಗೆದಳು. ಮೊಮ್ಮಗಳು ಕೂಸಾಗಿದ್ದಾಗ ಹಾಸುತ್ತಿದ್ದ ಬಟ್ಟೆಗಳು, ನೂರಾರು ಸಲ ಒಗೆದು ಬೆಣ್ಣೆಯಂತಾಗಿದ್ದವು. ಮೈಗೆ ತಾಗುವ ಕಡೆ ಅದು, ನಡುವೆ ಟವೆಲ್ಲಿನ ಒಂದೇ ಪದರ, ಹೊರಗೆ ತೆಳು ಲೈನಿಂಗು. ಅಂಚಿಗೆ ನಾಲ್ಕು ಪ್ರೆಸ್ ಬಟನ್, ಅಂಗಿಯ ಒಳಗೆ ಅದರ ಜೋಡಿ. ಮೂರು ಅಂಗಿಗೆ ಆರು ಪ್ಯಾಡು. ಸಂಜೆ ಸೊಸೆ ಅಂಗಿಯನ್ನು ದೀಪಕ್ಕೆ ಹಿಡಿದು ತೋರಿಸಿದಳು. ಒಂದು ಚುಕ್ಕೆಯೂ ಇರಲಿಲ್ಲ.

"ನೋಡಿದ್ಯಾ?" ಅಂದಳು ಟೈಲರಮ್ಮ.

"ಮ್ಯಾನೇಜರ್ ಕೂಡ ನೋಡಿದ್ರು, ಅತ್ತೆ. ಗುಡ್ ಅಂದ್ರು."

ಪ್ಯಾಡು ಕಂಕುಳಿಗೆ ಒತ್ತಿ ಕೂರಬೇಕಾದರೆ ಅಂಗಿ ಮೈಗೆ ಸರಿಯಾಗಿರಬೇಕು. ಹಾಗಾಗಿ ಟೈಲರಮ್ಮ ಅಳತೆ ತೆಗೆದು ತನ್ನ ಗಿರಾಕಿಗಳ ಪುಸ್ತಕದಲ್ಲಿ ಸೊಸೆಗೂ ಒಂದು ಪುಟ ಕೊಟ್ಟಳು. ಅಂಗಿ ಸ್ವಲ್ಪ ಸಡಿಲ ಅನ್ನಿಸಿತು, ಎರಡೂ ಪಕ್ಕ ಹಿಡಿದು ಒಂದೊಂದು ಸಾಲು ಹೊಲಿಗೆ ಹಾಕಿದಳು. ಎರಡು ವಾರ ಬಿಟ್ಟು ಮತ್ತೆ ಸಡಿಲ. ಮತ್ತೆ ಅಳತೆ, ಮತ್ತೆ ಒಂದು ಸಾಲು. ಬಟ್ಟೆಯನ್ನು ಕತ್ತರಿಸದೆ ಒಳಗೇ ಬಿಡುವುದು ಅವಳ ಅಭ್ಯಾಸ. ಅಂಗಿ ಪ್ರತಿ ಸಲವೂ ಹೇಳಿ ಮಾಡಿಸಿದಂತೆ ಕೂರುತ್ತಿತ್ತು. ಅದರ ಬಗ್ಗೆ ಪಕ್ಕದ ಮನೆಯವಳ ಹತ್ತಿರ ಜಂಬವನ್ನೂ ಕೊಚ್ಚಿಕೊಂಡಳು.

ಅಂಗಿ ಚೆನ್ನಾಗಿ ಕೂರುತ್ತಾ ಹೋದ ಹಾಗೆ ಮನೆ ಕೆಡುತ್ತಾ ಬಂತು. ಮೊದಲ ಜಗಳ ಕಿಟಕಿಯದು. ಹೊರಗೆ ಚಳಿ ಕೊರೆಯುತ್ತಿದ್ದರೂ ಸೊಸೆ ಅಡುಗೆಮನೆಯ ಕಿಟಕಿ, ನಡುಮನೆಯ ಕಿಟಕಿ, ಎಲ್ಲ ತೆಗೆದು ಫ್ಯಾನ್ ಹಾಕುತ್ತಿದ್ದಳು. ಮುದುಕ ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡು ಕೆಮ್ಮುತ್ತಿದ್ದ.

"ಕಿಟಕಿ ಮುಚ್ಚೇ ತಾಯಿ, ನಾನು ಹೆಪ್ಪುಗಟ್ಟಿದ್ದೀನಿ."

"ನಂಗೆ ಉಸಿರು ಕಟ್ಟುತ್ತೆ ಮಾವ."

"ಒಂದು ವರ್ಷದ ಹಿಂದೆ ಕಟ್ಟುತ್ತಿರಲಿಲ್ಲ" ಎಂದು ಟೈಲರಮ್ಮ ಎದ್ದು ಹೋಗಿ ಕಿಟಕಿ ಮುಚ್ಚಿದಳು. "ಎಸಿ ಅಂಗಡೀಲಿ ನಿಂತು ಬಂದೋರಿಗೆ ಮನೆ ಗಾಳಿ ಸಾಲಲ್ಲ."

ಸೊಸೆ ಮತ್ತೆ ತೆಗೆದಳು. ಮೊದಲೆಲ್ಲ ಅತ್ತೆ ಅಂದದ್ದನ್ನು ನುಂಗಿಕೊಂಡು ಹೋಗುತ್ತಿದ್ದವಳು ಈಗ ಮಾತಿಗೆ ಮಾತು ಕೊಡುತ್ತಿದ್ದಳು, ಪಾತ್ರೆ ಎತ್ತಿ ಕುಕ್ಕುತ್ತಿದ್ದಳು, ಮರುಗಳಿಗೆಗೆ ಒಲೆಯ ಮುಂದೆ ನಿಂತು ಅಳುತ್ತಿದ್ದಳು. ನಡುವೆ ಸಿಕ್ಕ ಮಗ ಎರಡು ಮಹಡಿಗಳ ನಡುವೆ ನಿಂತ ಲಿಫ್ಟಿನಂತಾಗಿದ್ದ.

ಎರಡನೆಯದು ಮೊಟ್ಟೆಯ ಜಗಳ. ಮೊಮ್ಮಗಳು ಪುಟ್ಟಿಗೆ ಎಂದು ಬೇಯಿಸಿಟ್ಟಿದ್ದ ಎರಡು ಮೊಟ್ಟೆಯನ್ನು ಸೊಸೆ ನಿಂತಲ್ಲೇ ತಿಂದಳು.

"ಮಗೂದು ಅಂತ ಗೊತ್ತಿರಲಿಲ್ವಾ?" ಟೈಲರಮ್ಮ ಸಿಪ್ಪೆಯನ್ನು ಅಂಗೈಯಲ್ಲಿ ಹಿಡಿದು ಕೇಳಿದಳು.

"ಹಸಿವಾಯ್ತು. ಇನ್ನೆರಡು ಬೇಯಿಸ್ತೀನಿ."

"ಈಗ ತಾನೆ ನಾಲ್ಕು ಬ್ರೆಡ್ ತಿಂದೆ. ತಿಂದಿದ್ದೆಲ್ಲ ಎಲ್ಲಿಗೆ ಹೋಗುತ್ತೋ, ಮೈಗಂತೂ ಹತ್ತಲ್ಲ. ನೋಡಿದೋರು ನಾನು ಉಪವಾಸ ಕೆಡವಿದ್ದೀನಿ ಅನ್ಕೋಬೇಕು."

"ತಿನ್ನೋದನ್ನೂ ಲೆಕ್ಕ ಹಾಕ್ತೀರಾ ಅತ್ತೆ?"

"ಅಮ್ಮ, ಬಿಡೇ" ಅಂದ ಮಗ.

"ನೀನು ಸುಮ್ನಿರೋ" ಅಂದರು ಇಬ್ಬರೂ ಒಟ್ಟಿಗೆ.

ಆದರೆ ಟೈಲರಮ್ಮನ ಎದೆಗೆ ನಾಟಿದ್ದು ಮೊಟ್ಟೆಯೂ ಅಲ್ಲ, ಕಿಟಕಿಯೂ ಅಲ್ಲ. ಸೂಜಿ. ಏಳು ಸೂಜಿ ಇರುತ್ತಿದ್ದ ದಿಂಬಿನಲ್ಲಿ ಒಂದು ದಿನ ನಾಲ್ಕೇ ಇದ್ದವು, ಮುಂದಿನ ವಾರ ಎರಡು. ಆಮೇಲೆ ಒಂದೂ ಇಲ್ಲ. ದಾರದ ತುದಿಗಳು ಮಾತ್ರ ಮೇಜಿನ ಮೇಲೆ ಜಗಿದಂತೆ ಬಿದ್ದಿದ್ದವು.

"ಸೂಜಿ?"

"ಟೈಮ್ ಆಗ್ಲಿಲ್ಲ ಅತ್ತೆ."

"ದಿನಾ ಆಗ್ತಿತ್ತು."

"ದಿನಾ ಆಗ್ತಿತ್ತು, ಇವತ್ತು ಆಗ್ಲಿಲ್ಲ. ಪುಟ್ಟಿ ಕೈಲಿ ಪೋಣಿಸ್ಕೊಳ್ಳಿ."

ಟೈಲರಮ್ಮ ಅಂದು ಊಟ ಬಿಟ್ಟಳು. ಗಂಡನ ಎದುರು ಕೂತು, "ನಾನು ಅವಳಿಗೆ ಆರು ಪ್ಯಾಡು ಹೊಲಿದೆ, ಅವಳಿಗೆ ನನ್ನ ಒಂದು ಸೂಜಿ ಭಾರ ಆಯ್ತು ನೋಡಿ" ಎಂದು ಕಣ್ಣೊರೆಸಿಕೊಂಡಳು. ತನ್ನ ಕಣ್ಣು ಹೋಗುತ್ತಿದೆ ಎನ್ನುವ ಭಯವೆಲ್ಲ ಆ ಮಾತಿನಲ್ಲಿತ್ತು. ಮುದುಕ ಕೈಯಲ್ಲಿದ್ದ ಕೆಂಪು ಪೆನ್ನು ಕೆಳಗಿಟ್ಟ.

ಮೊಮ್ಮಗಳು ಪುಟ್ಟಿಯೇ ಅಂದಿನಿಂದ ಸೂಜಿಗೆ ದಾರ ಪೋಣಿಸತೊಡಗಿದಳು. ಒಂದು ಬೆಳಗ್ಗೆ ನಾಲಿಗೆ ಕಚ್ಚಿಕೊಂಡು ಪೋಣಿಸುತ್ತಾ, "ಅಜ್ಜಿ, ಅಮ್ಮನ ಪಕ್ಕ ಮಲಗಿದ್ರೆ ಅಮ್ಮ ಓಡ್ತಿದ್ದಾಳೆ ಅನ್ಸುತ್ತೆ" ಅಂದಳು.

"ಮಲಗಿದೋಳು ಎಲ್ಲಿಗೆ ಓಡ್ತಾಳೆ?"

"ಅವಳಲ್ಲ, ಅವಳ ಎದೆ. ನಿನ್ನ ಮಿಷನ್ ಥರ ಟಕಟಕಟಕ."

"ದಿನವಿಡೀ ನಿಂತಿರ್ತಾಳಲ್ಲ, ಆಯಾಸ. ದಾರ ಗಂಟಾಯ್ತು ನೋಡು" ಅಂದಳು ಅಜ್ಜಿ. ಆ ಮಾತು ಅವಳಿಗೆ ಆಮೇಲೆ ಎಷ್ಟೋ ಸಲ ನೆನಪಾಗಲಿತ್ತು.

ಖಾಯಂ ಆಗಲು ಹನ್ನೆರಡು ದಿನ ಇರುವಾಗ ಸೊಸೆ ನಡುಮಧ್ಯಾಹ್ನ ಮನೆಗೆ ಬಂದಳು. ಕೈಚೀಲ ನೆಲಕ್ಕೆ ಎಸೆದು, ಮಿಷನ್ನಿನ ಮೇಲೆ ಒಂದು ಪ್ಯಾಡು ಇಟ್ಟಳು.

"ತಗೊಳ್ಳಿ ನಿಮ್ಮ ಪ್ಯಾಡು."

"ಏನಾಯ್ತೇ?"

"ಬಿತ್ತು. ಒಬ್ಬರು ವಯಸ್ಸಾದೋರಿಗೆ ಕನ್ನಡಕ ಹಾಕ್ತಿದ್ದೆ. ಅವರ ಮುಂದಿನ ಟ್ರೇ ಒಳಗೇ ಬಿತ್ತು, ಕನ್ನಡಕಗಳ ಮಧ್ಯೆ. ಕನ್ನಡಕ ಒರೆಸೋ ಬಟ್ಟೆ ಅನ್ಕೊಂಡು ಅವರು ಕೈಗೆತ್ತಿಕೊಂಡ್ರು. ಒದ್ದೆ ಇತ್ತು." ಅವಳು ಗೋಡೆಗೆ ಒರಗಿದಳು. "ಎಲ್ಲರೂ ನೋಡಿದ್ರು. ಮ್ಯಾನೇಜರ್ ಮನೆಗೆ ಹೋಗಿ ಅಂದ್ರು."

ಸೊಸೆಯ ಮುಖ ನೋಡಿ ಯಾರಿಗಾದರೂ ಮರುಕ ಬರಬೇಕಿತ್ತು. ಟೈಲರಮ್ಮನಿಗೆ ಬಂದದ್ದು ಸಿಟ್ಟು. ನಲವತ್ತು ವರ್ಷದಲ್ಲಿ ಅವಳು ಹೊಲಿದ ಒಂದು ಗುಂಡಿಯೂ ಬೀದಿಯಲ್ಲಿ ಬಿದ್ದಿರಲಿಲ್ಲ.

"ನನ್ನ ಬಟನ್ ಬಿಚ್ಚಿಕೊಳ್ಳಲ್ಲ. ನೀನು ಹಾಕಿರಲಿಲ್ಲ."

"ಹೌದು, ಹಾಕಿರಲಿಲ್ಲ."

"ಯಾಕೆ?"

"ಆಗ್ಲಿಲ್ಲ."

"ಸೂಜಿಗೂ ಟೈಮ್ ಇಲ್ಲ, ಬಟನ್‌ಗೂ ಟೈಮ್ ಇಲ್ಲ. ಒಂದು ಬಟನ್ ಒತ್ತೋಕೆ ಎಷ್ಟು ಟೈಮ್ ಬೇಕೇ ನಿಂಗೆ?"

"ಟೈಮ್ ಅಲ್ಲ ಅತ್ತೆ. ಕೈ ನಿಲ್ಲಲ್ಲ."

ಟೈಲರಮ್ಮನಿಗೆ ಅರ್ಥವಾಗಲಿಲ್ಲ. ಸೊಸೆ ಮೇಜಿನ ಮೇಲಿದ್ದ ಕಾಗದದ ಅರ್ಧಚಂದ್ರವನ್ನು, ಮುದುಕನ ಆ ಮೂರನೇ ಪುಟದ ತುಂಡನ್ನು, ಕೈಗೆತ್ತಿಕೊಂಡು ಮುಂದೆ ಚಾಚಿದಳು. ಕಿಟಕಿ ಮುಚ್ಚಿತ್ತು, ಫ್ಯಾನ್ ಇರಲಿಲ್ಲ. ಕಾಗದ ಪಟಪಟ ಅಲುಗಿತು.

"ಎಷ್ಟು ದಿನದಿಂದ?" ಮುದುಕ ಕುರ್ಚಿಯಿಂದ ಎದ್ದು ಕೇಳಿದ.

"ಒಂದೂವರೆ ತಿಂಗಳಾಯ್ತು ಮಾವ. ಪ್ಯಾಡನ್ನ ಸುಮ್ನೆ ಒಳಗೆ ಸಿಗಿಸ್ಕೊಂಡು ಹೋಗ್ತಿದ್ದೆ. ಅಂಗಿ ಬಿಗಿ ಇತ್ತಲ್ಲ, ನಿಲ್ತಿತ್ತು."

"ಹೇಳೋದಲ್ವೇನೇ?" ಅಂದ ಮುದುಕ.

"ಹೇಳಿದ್ರೆ ಕೆಲಸ ಬಿಡು ಅಂತಿದ್ರಿ. ಇಲ್ಲಾಂದ್ರೆ ಹೆದರಿಕೆ ಅಂತಿದ್ರಿ."

ಟೈಲರಮ್ಮನಿಗೆ ಇನ್ನೂ ತನ್ನ ಹೊಲಿಗೆಯದೇ ಚಿಂತೆ. "ಬಿಗಿ ಇದ್ದಿದ್ದು ಇವತ್ತು ಹೇಗೆ ಸಡಿಲ ಆಯ್ತು? ಹತ್ತು ದಿನದ ಹಿಂದೆ ತಾನೆ ಹಿಡಿದಿದ್ದೀನಿ. ಬಾ ಇಲ್ಲಿ, ಅಳತೆ ನನ್ನ ತಪ್ಪೋ ನಿನ್ನ ತಪ್ಪೋ ನೋಡೇ ಬಿಡೋಣ."

ಕೊರಳಲ್ಲಿದ್ದ ಟೇಪು ತೆಗೆದು ಸೊಸೆಯ ಎದೆಗೆ ಸುತ್ತಿದಳು. ಟೇಪು ಓದಲು ಅವಳಿಗೆ ಕಣ್ಣು ಬೇಡ, ಹೆಬ್ಬೆರಳೇ ಸಾಕು. ಹೆಬ್ಬೆರಳು ಮೂವತ್ಮೂರರ ಮೇಲೆ ನಿಂತಿತು. ಸರಿಯಾಗಿಲ್ಲ ಎಂದು ಮತ್ತೆ ಸುತ್ತಿದಳು. ಮೂವತ್ಮೂರೇ. ಟೇಪಿನ ಅಡಿಯಲ್ಲಿ ಏನೋ ಟಕಟಕ ಬಡಿಯುತ್ತಿರುವುದು ಬೆರಳಿಗೆ ತಿಳಿಯಿತು.

"ಪುಸ್ತಕ ಕೊಡಿ" ಅಂದಳು ಗಂಡನಿಗೆ. "ಇವಳ ಪುಟ ಓದಿ."

ಮುದುಕ ಅಚ್ಚುಕೂಟದಲ್ಲಿ ಓದುತ್ತಿದ್ದಂತೆ ಒಂದೊಂದೇ ಓದಿದ. "ಎದೆ ಮೂವತ್ತಾರು. ಎರಡು ವಾರ ಆದ್ಮೇಲೆ ಮೂವತ್ತೈದೂವರೆ. ಆಮೇಲೆ ಮೂವತ್ತೈದು. ಆಮೇಲೆ ಮೂವತ್ತನಾಲ್ಕು." ಕನ್ನಡಕ ತೆಗೆದು ಹೆಂಡತಿಯನ್ನು ನೋಡಿದ. "ಇದೆಲ್ಲ ನೀನೇ ಬರೆದಿದ್ದೇನೇ?"

ಟೈಲರಮ್ಮನೇ ಬರೆದದ್ದು. ಎರಡು ತಿಂಗಳು ಒಂದೇ ಹೆಂಗಸನ್ನು ಅಳೆದು, ಅಳೆದದ್ದನ್ನು ತನ್ನ ಕೈಯಾರೆ ಬರೆದು, ಪ್ರತಿ ಸಲವೂ ಅಂಗಿಯನ್ನಷ್ಟೇ ಸರಿಮಾಡಿದ್ದಳು. ಮೂರು ಇಂಚು ಮನುಷ್ಯಳು ಕಣ್ಣೆದುರಿಗೇ ಕರಗಿ ಹೋಗಿದ್ದಳು, ಅದೂ ಮೂರು ಸಲ ಬಡಿಸಿಕೊಂಡು ತಿನ್ನುತ್ತಾ.

"ನಡಿ ಡಾಕ್ಟರ ಹತ್ರ" ಅಂದಳು ಕಡೆಗೆ.

ಡಾಕ್ಟರು ಸೊಸೆಯ ಕುತ್ತಿಗೆ ಮುಟ್ಟಿ ನೋಡಿದರು, ನಾಡಿ ಹಿಡಿದರು, ಕೈ ಚಾಚಲು ಹೇಳಿದರು. ರಕ್ತಪರೀಕ್ಷೆ ಬಂದ ಮೇಲೆ, "ಥೈರಾಯ್ಡು ಮಿತಿಮೀರಿ ಕೆಲಸ ಮಾಡ್ತಿದೆ" ಅಂದರು. "ಸೆಕೆ, ಹಸಿವು, ಸಿಟ್ಟು, ಕೈ ನಡುಕ, ಎಲ್ಲಾ ಅದರದ್ದೇ. ಮಲಗಿದ್ರೂ ಮೈ ಓಡ್ತಾನೇ ಇರುತ್ತೆ. ಹೃದಯ ತುಂಬಾ ದಣಿದಿದೆ. ತೂಕ ಯಾವಾಗಿಂದ ಇಳೀತು, ಗೊತ್ತಾ?"

ಸೊಸೆ ಜೊತೆಗೆ ಬಂದಿದ್ದ ಗಂಡನ ಮುಖ ನೋಡಿದಳು, ಅವನು ನೆಲ ನೋಡಿದ. ಟೈಲರಮ್ಮ ಚೀಲದಿಂದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರು ತಾರೀಖಿನೊಂದಿಗೆ ಇದ್ದ ಆ ಪುಟವನ್ನು ನಿಧಾನವಾಗಿ ನೋಡಿದರು.

"ಇಷ್ಟು ಸರಿಯಾಗಿ ಬರೆದಿಟ್ಟಿದ್ದನ್ನ ನನಗೆ ಯಾರೂ ತಂದುಕೊಟ್ಟಿಲ್ಲ. ಒಳ್ಳೇ ಕೆಲಸ ಮಾಡಿದ್ದೀರಮ್ಮ" ಅಂದರು. "ಬೆವರೂ ಜಾಸ್ತಿ ಇತ್ತಲ್ವಾ?"

"ಇತ್ತು" ಅಂದಳು ಟೈಲರಮ್ಮ. "ಕಾಣದ ಹಾಗೆ ಮಾಡಿದ್ದೆ."

ಒಂದೂವರೆ ವರ್ಷ ಮಾತ್ರೆ, ಎರಡು ತಿಂಗಳು ಪೂರ್ತಿ ವಿಶ್ರಾಂತಿ ಎಂದಾಯಿತು. ಸೊಸೆ ಡಾಕ್ಟರ ಚೀಟಿಯನ್ನು ಅಂಗಡಿಗೆ ಕಳಿಸಿದಳು. ಮ್ಯಾನೇಜರು ಒಳ್ಳೆಯ ಮಾತಿನಲ್ಲೇ ಉತ್ತರ ಬರೆದಿದ್ದರು. ಬೇಗ ಗುಣವಾಗಲಿ, ಪರೀಕ್ಷೆಯ ಅವಧಿಯಲ್ಲಿ ಇಷ್ಟು ರಜೆ ಕೊಡಲಾಗದ್ದರಿಂದ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡಿದ್ದೇವೆ, ಮೂರು ಅಂಗಿಗಳನ್ನು ಕೊಟ್ಟ ಸ್ಥಿತಿಯಲ್ಲೇ ವಾಪಸು ಮಾಡಬೇಕು.

ಸೊಸೆ ಅದನ್ನು ಓದಿ ಮಡಿಸಿಟ್ಟಳು. "ಮಾವ, ಇದರಲ್ಲಿ ತಪ್ಪಿದ್ರೆ ತಿದ್ದಿ" ಅಂದಳು, ನಗುವುದಕ್ಕೆ ನೋಡಿದಳು, ಆಗಲಿಲ್ಲ. ಮುದುಕ ಕಾಗದ ತೆಗೆದುಕೊಂಡು ಎರಡು ಸಲ ಓದಿದ.

"ಒಂದೂ ತಪ್ಪಿಲ್ಲಮ್ಮ" ಅಂದ. ಎದ್ದು ಹೋಗಿ ನಡುಮನೆಯ ಕಿಟಕಿ ತೆಗೆದು, ಮೂರನೇ ಸ್ವೆಟರು ಹಾಕಿಕೊಂಡು ಕೂತ.

ಟೈಲರಮ್ಮ ಅಂಗಿಗಳನ್ನು ತೊಡೆಯ ಮೇಲೆ ಹಾಕಿಕೊಂಡು ಹೊಲಿಗೆ ಬಿಚ್ಚತೊಡಗಿದಳು. ಒಂದು ಅಂಗಿಗೆ ಎರಡು ಪಕ್ಕ, ಒಂದು ಪಕ್ಕಕ್ಕೆ ನಾಲ್ಕು ಸಾಲು. ಕಣ್ಣು ಮಂಜು, ಬೆರಳಿನಿಂದಲೇ ಹುಡುಕಿ ಬ್ಲೇಡಿನ ತುದಿ ಹಾಕಬೇಕು. ತನ್ನ ಹೊಲಿಗೆ ಇಷ್ಟು ಗಟ್ಟಿ ಎಂದು ಅವಳಿಗೆ ಗೊತ್ತಿರಲಿಲ್ಲ.

"ನಾನು ಬಿಚ್ಲಾ ಅತ್ತೆ?"

"ಕೈ ಕುಯ್ಕೋತೀಯ. ಕೂತ್ಕೋ."

"ಕೂತು ಕೂತು ಸಾಕಾಯ್ತು."

"ಹಾಗಾದ್ರೆ ದಾರ ಆರಿಸು." ಇನ್ನೊಂದು ಹೊಲಿಗೆ ಬಿಚ್ಚುತ್ತಾ ತಲೆಯೆತ್ತದೆ ಅಂದಳು, "ಮೊಟ್ಟೆಗೆ ನಾನು ಹಾಗೆ ಅನ್ನಬಾರದಿತ್ತು."

ಸೊಸೆ ದಾರದ ಚೂರುಗಳನ್ನು ಆರಿಸುತ್ತಿದ್ದಳು. "ಮೊಟ್ಟೆ ಮಗೂದೇ ಆಗಿತ್ತಲ್ಲ" ಅಂದಳು.

ಎರಡನೇ ದಿನ ಮಧ್ಯಾಹ್ನ ಕೊನೆಯ ಸಾಲು ಬಿಚ್ಚಿತು. ಬಟ್ಟೆಯಲ್ಲಿ ಸೂಜಿಯ ತೂತುಗಳು ಉಳಿದಿದ್ದವು, ನೀರು ಚಿಮುಕಿಸಿ ಇಸ್ತ್ರಿ ಮಾಡಿದ ಮೇಲೆ ಹೆಚ್ಚು ಕಡಿಮೆ ಹೋದವು. ಪ್ರೆಸ್ ಬಟನ್‌ಗಳನ್ನೂ ಕಿತ್ತಾಯಿತು. ಆರು ಪ್ಯಾಡುಗಳನ್ನು ಟೈಲರಮ್ಮ ಬೇರೆ ಇಟ್ಟಳು. "ಇವು ನಮ್ಮವು, ಕೊಡಬೇಕಾಗಿಲ್ಲ."

"ಪಕ್ಕ ನೆಟ್ಟಗೆ ಬಂದಿದೆಯಾ ನೋಡ್ಬೇಕು, ಒಂದು ಸಲ ಹಾಕ್ಕೋ" ಅಂದಳು ಆಮೇಲೆ.

ಸೊಸೆ ಹಾಕಿಕೊಂಡಳು. ಮೂರು ತಿಂಗಳ ಹಿಂದೆ ಸರಿಯಾಗಿದ್ದ ಅಂಗಿ ಅವಳ ಭುಜದ ಮೇಲೆ ಹ್ಯಾಂಗರಿಗೆ ಹಾಕಿದಂತೆ ಜೋತುಬಿತ್ತು. ತೋಳಿನ ಹೊಲಿಗೆ ಭುಜ ದಾಟಿ ಕೆಳಗೆ ಬಂದಿತ್ತು. ಶಾಲೆಯಿಂದ ಬಂದ ಪುಟ್ಟಿ ಬಾಗಿಲಲ್ಲೇ ನಿಂತಳು.

"ಅಮ್ಮ, ಇದು ಯಾರ ಅಂಗಿ?"

ಟೈಲರಮ್ಮ ಕೊರಳಿನ ಟೇಪು ತೆಗೆದು, ಆ ದೊಗಳೆ ಅಂಗಿಯ ಒಳಗೆ ಕೈ ಹಾಕಿ, ಸೊಸೆಯ ಮೈಗೆ ಸುತ್ತಿದಳು. ಹೆಬ್ಬೆರಳು ಒಂದು ಕಡೆ ನಿಂತಿತು. ನಂಬಿಕೆ ಸಾಲದೆ ಪುಟ್ಟಿಯನ್ನು ಕರೆದು, "ಎಷ್ಟಿದೆ ಓದೇ" ಅಂದಳು.

"ಮೂವತ್ಮೂರು, ಅಜ್ಜಿ."

"ಹೋದ ಸಲಾನೂ ಅಷ್ಟೇ ಇತ್ತು" ಅಂದಳು ಟೈಲರಮ್ಮ. ಟೇಪನ್ನು ಸೊಸೆಯ ಮೈಯಿಂದ ತೆಗೆಯಲಿಲ್ಲ. "ಕಡಿಮೆ ಆಗಿಲ್ಲ. ಪುಸ್ತಕದಲ್ಲಿ ತಾರೀಖು ಹಾಕಿ ಬರ್ಕೋ ಪುಟ್ಟಿ."